ಹೆದೆಗೆ ಎಷ್ಟು ಎಳೆ? ಮೊದಲು ನಾಕ್ ನೋಡಿ, ಆಮೇಲೆ ಎಣಿಸಿ

ಪ್ರಶ್ನೆ: ನನ್ನದು 68 ಇಂಚಿನ ರೀಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಗೆಯದು. ಪೂರ್ತಿ ಎಳೆದಾಗ ಬೆರಳಿನ ಮೇಲೆ 36 ಪೌಂಡ್ ಬರುತ್ತದೆ. ಇಷ್ಟು ದಿನ 12 ಎಳೆಯ ರೆಡಿಮೇಡ್ ಡೇಕ್ರಾನ್ (ಪಾಲಿಯೆಸ್ಟರ್ ನೂಲಿನ) ಹೆದೆ ಬಳಸುತ್ತಿದ್ದೆ. ಈಗ 8125 ಅನ್ನುವ ಹೆಸರಿನ ನೂಲಿನ ಒಂದು ಸ್ಪೂಲ್ ತಂದಿದ್ದೇನೆ, ಹೆದೆಯನ್ನು ನಾನೇ ಕಟ್ಟಬೇಕು ಅಂತ ಆಸೆ. ಜೊತೆಗೆ ಅಭ್ಯಾಸ ಮಾಡುವವರಲ್ಲಿ ಒಬ್ಬರು 14 ಎಳೆ ಸಾಕು ಅಂದರು, ಇನ್ನೊಬ್ಬರು 18ಕ್ಕಿಂತ ಕಡಿಮೆ ಬೇಡವೇ ಬೇಡ ಅಂದರು. ಡೇಕ್ರಾನ್‌ಗಿಂತ ಗಟ್ಟಿಯಾದ ನೂಲು ಅಂದಮೇಲೆ 12ಕ್ಕಿಂತ ಕಡಿಮೆ ಎಳೆ ಸಾಕಾಗಬೇಕು ಅಲ್ವಾ? ಇನ್ನೊಂದು ವಿಷಯ. ನಮ್ಮ ಮಾವನ ಹಳೆಯ ಮರದ ಬಿಲ್ಲು ಮನೆಯಲ್ಲಿದೆ, 45 ಪೌಂಡಿನದು. ಅದಕ್ಕೂ ಇದೇ ನೂಲು ಹಾಕಬಹುದೇ?

ಉತ್ತರ: ನಿಮ್ಮ ರೀಕರ್ವ್‌ಗೆ 16 ಎಳೆಯಿಂದ ಶುರು ಮಾಡಿ. ಮಾವನ ಬಿಲ್ಲಿಗೆ ಈ ನೂಲು ಬೇಡ, ಡೇಕ್ರಾನ್‌ನಲ್ಲಿ 14 ಎಳೆ ಹಾಕಿ. ಕಾರಣ ಗೊತ್ತಿದ್ದರೆ ಮುಂದಿನ ಹೆದೆಗೆ ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

"ಗಟ್ಟಿ ನೂಲಾದರೆ ಕಡಿಮೆ ಎಳೆ ಸಾಕಲ್ವಾ" ಅನ್ನುವ ನಿಮ್ಮ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಹೆದೆ ಕಟ್ಟಲು ಹೊರಟ ಹೆಚ್ಚಿನವರು ಹೀಗೇ ಯೋಚಿಸುತ್ತಾರೆ. ಹೆದೆ ಹರಿಯಬಾರದು, ಅದಕ್ಕೆ ಸಾಕಷ್ಟು ಎಳೆ ಬೇಕು ಎಂಬ ಲೆಕ್ಕ ಅದು. ಲೆಕ್ಕ ಹಾಕಿಯೇ ನೋಡೋಣ. ಬಾಣ ಬಿಟ್ಟಾಗ ಲಿಂಬ್‌ಗಳು, ಅಂದರೆ ಬಿಲ್ಲಿನ ಎರಡು ತೋಳುಗಳು, ಮುಂದಕ್ಕೆ ನುಗ್ಗುತ್ತವೆ. ಹೆದೆ ನೆಟ್ಟಗಾದ ಕ್ಷಣದಲ್ಲಿ ಅವನ್ನು ಗಕ್ಕನೆ ಹಿಡಿದು ನಿಲ್ಲಿಸುವುದು ಹೆದೆಯೇ. ಆಗ ಅದರ ಮೇಲೆ ಬೀಳುವ ಬಲ ನೀವು ಬೆರಳಲ್ಲಿ ಹಿಡಿದಿದ್ದ ಭಾರಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಹಳೆಯ ಹೆದೆಗಾರರು ಒಂದು ಲೆಕ್ಕ ಇಟ್ಟುಕೊಂಡಿದ್ದರು: ಹೆದೆ ಕನಿಷ್ಠ ಡ್ರಾ ವೇಟ್‌ನ (ಪೂರ್ತಿ ಎಳೆದಾಗ ಬೆರಳಿಗೆ ಬರುವ ಭಾರದ) ನಾಲ್ಕು ಪಟ್ಟು ತಡೆಯಬೇಕು. ನಿಮ್ಮ ಬಿಲ್ಲಿಗೆ 36ರ ನಾಲ್ಕು ಪಟ್ಟು, ಅಂದರೆ 144 ಪೌಂಡ್.

ಬಿ-50 ಡೇಕ್ರಾನ್‌ನ ಒಂದು ಎಳೆ ಹರಿಯಲು ಸುಮಾರು 50 ಪೌಂಡ್ ಬೇಕು. ನಿಮ್ಮ ಹಳೆಯ ಹೆದೆಯ 12 ಎಳೆ ಅಂದರೆ 600 ಪೌಂಡ್. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. 8125 ಅನ್ನುವುದು ಡೈನೀಮಾ ಎಂಬ ಬಹಳ ಗಟ್ಟಿ ಪಾಲಿಥಿಲೀನ್ ನೂಲು, ಅದರ ಒಂದೊಂದು ಎಳೆಯೂ 100 ಪೌಂಡ್ ದಾಟುತ್ತದೆ. ಬರೀ ಹರಿಯದಿದ್ದರೆ ಸಾಕು ಅನ್ನುವುದಾದರೆ ಎರಡು ಎಳೆಯಲ್ಲೇ ನಿಮ್ಮ ಕೆಲಸ ಮುಗಿಯಬೇಕು! ಆದರೂ ಯಾರೂ ಎರಡು ಎಳೆ ಹಾಕುವುದಿಲ್ಲ. 14, 16, 18 ಅಂತಲೇ ಹೇಳುತ್ತಾರೆ. ಡೇಕ್ರಾನ್‌ಗಿಂತ ಎರಡರಷ್ಟು ಗಟ್ಟಿ ನೂಲಿಗೆ ಡೇಕ್ರಾನ್‌ಗಿಂತ ಹೆಚ್ಚೇ ಎಳೆ ಹಾಕುತ್ತಾರೆ.

ಇದಕ್ಕೆ ದೊಡ್ಡ ಕಾರಣ ಬಾಣದ ಹಿಂದಿನ ನಾಕ್, ಅಂದರೆ ಹೆದೆ ಕೂರುವ ಸೀಳಿರುವ ತುಣುಕು. ಡೈನೀಮಾ ನೂಲು ಗಟ್ಟಿ, ಆದರೆ ತೆಳ್ಳಗೆ. ಕೆಲವೇ ಎಳೆ ಹಾಕಿದರೆ ಹೆದೆ ಸಣ್ಣಗಾಗಿ ನಾಕ್‌ನೊಳಗೆ ಅಲ್ಲಾಡುತ್ತದೆ. ನಾಕ್ ತುಂಬುವಷ್ಟು ದಪ್ಪ ಬರಬೇಕಾದರೆ ಎಳೆ ಜಾಸ್ತಿ ಬೇಕು. ಅದೇ ಡೈನೀಮಾ ಜಾತಿಯ ಇನ್ನೂ ತೆಳ್ಳಗಿನ ನೂಲುಗಳಿವೆ. ಉದಾಹರಣೆಗೆ 452ಎಕ್ಸ್‌ನಲ್ಲಿ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಗಾಲಿ ಇರುವ ಬಿಲ್ಲಿನ) ಹೆದೆಯನ್ನು ಸಾಮಾನ್ಯವಾಗಿ 24 ಎಳೆಯಲ್ಲಿ ಕಟ್ಟುತ್ತಾರೆ. ಆ 24 ಅನ್ನುವ ಅಂಕಿಯನ್ನು ಕೇಳಿ ನಿಮ್ಮ ನೂಲಿಗೂ ಹಾಕಿದರೆ ನಾಕ್ ಹೆದೆಗೆ ಕೂರುವುದೇ ಇಲ್ಲ. ನೂಲಿನ ಹೆಸರಿಲ್ಲದೆ ಬರೀ ಎಳೆಯ ಲೆಕ್ಕ ಹೇಳಿದರೆ ಅದಕ್ಕೆ ಅರ್ಥವಿಲ್ಲ. ನಿಮ್ಮ ಜೊತೆಯವರು 14, 18 ಅಂದಾಗ ಅವರ ನೂಲು ಯಾವುದು, ನಾಕ್ ಯಾವುದು, ಹೆದೆ ಸವೆಯದಂತೆ ಅದರ ಮೇಲೆ ಸುತ್ತುವ ಸರ್ವಿಂಗ್ ದಾರ ಯಾವುದು ಅಂತ ಕೇಳಿ ನೋಡಿ. ಇಬ್ಬರೂ ಅವರವರ ಬಿಲ್ಲಿಗೆ ಸರಿಯಾದದ್ದನ್ನೇ ಹೇಳಿರಬಹುದು.

ಎರಡನೆಯ ಕಾರಣ, ನೂಲು ಹಿಗ್ಗುವುದು. ಇದರಲ್ಲಿ ಎರಡು ಬಗೆ ಇದೆ. ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನಷ್ಟೇ ಆಗುವುದು ಒಂದು. ರಬ್ಬರ್‌ನ ಗುಣ ಅದು. ಡೇಕ್ರಾನ್‌ಗೆ ಈ ಗುಣ ಜಾಸ್ತಿ. ಇನ್ನೊಂದು ಕ್ರೀಪ್. ಭಾರದಲ್ಲಿ ನಿಧಾನವಾಗಿ ಉದ್ದವಾಗಿ, ಮತ್ತೆ ಹಿಂದಕ್ಕೆ ಬಾರದಿರುವುದು. ಡೈನೀಮಾಕ್ಕೆ ಮೊದಲನೆಯದು ಬಹಳ ಕಡಿಮೆ, ಎರಡನೆಯದು ಸ್ವಲ್ಪ ಇದೆ. 452ಎಕ್ಸ್‌ನಂಥ ನೂಲಿನಲ್ಲಿ ಡೈನೀಮಾದ ಜೊತೆ ವೆಕ್ಟ್ರಾನ್ ಅನ್ನುವ ಇನ್ನೊಂದು ನೂಲು ಬೆರೆಸುವುದೇ ಈ ಕ್ರೀಪ್ ತಡೆಯಲು. ಎಳೆ ಕಡಿಮೆಯಾದಷ್ಟೂ ಒಂದೊಂದು ಎಳೆಯ ಮೇಲೆ ಬೀಳುವ ಭಾರ ಜಾಸ್ತಿ. ಭಾರ ಜಾಸ್ತಿಯಾದಷ್ಟೂ ಹೆದೆ ದಿನೇ ದಿನೇ ಉದ್ದವಾಗುತ್ತದೆ, ಬ್ರೇಸ್ ಹೈಟ್ (ಬಿಲ್ಲಿನ ಹಿಡಿಯಿಂದ ಹೆದೆಗಿರುವ ದೂರ) ಇಳಿಯುತ್ತದೆ, ನಾಕಿಂಗ್ ಪಾಯಿಂಟ್ (ಹೆದೆಯಲ್ಲಿ ಬಾಣ ಸಿಕ್ಕಿಸುವ ಗುರುತು) ಜಾಗ ಬದಲಾಗುತ್ತದೆ. ಬೆಳಿಗ್ಗೆ ಗುರಿ ಮಧ್ಯಕ್ಕೆ ಬೀಳುತ್ತಿದ್ದ ಬಾಣ ಸಂಜೆ ಬೇರೆಡೆ ಬೀಳುತ್ತದೆ. ನೀವು ನಿಮ್ಮ ಬಿಡುವ ಕೈಯನ್ನು ಬೈದುಕೊಳ್ಳುತ್ತೀರಿ.

ಮೂರನೆಯದು ಸವೆತ. ಯಾವುದೂ ಉಜ್ಜದ ಜಾಗದಲ್ಲಿ ಹೆದೆ ಸುಮ್ಮಸುಮ್ಮನೆ ಹರಿಯುವುದು ಬಹಳ ಅಪರೂಪ. ಹರಿದ ಹೆದೆ ಸಿಕ್ಕಿದರೆ ಎಲ್ಲಿ ಹರಿದಿದೆ ನೋಡಿ. ಒಂದೋ ಲಿಂಬ್ ತುದಿಗೆ ಉಜ್ಜುವ ಕುಣಿಕೆಯಲ್ಲಿ, ಇಲ್ಲವೇ ಸರ್ವಿಂಗ್ ಮುಗಿಯುವ ಅಂಚಿನಲ್ಲಿ, ಇಲ್ಲವೇ ನಾಕ್ ಕೂರುವ ಜಾಗದಲ್ಲಿ ಸರ್ವಿಂಗ್‌ನ ಕೆಳಗೆ ಹರಿದಿರುತ್ತದೆ. 1970ರ ದಶಕದಲ್ಲಿ ಕೆವ್ಲಾರ್ ಹೆದೆ ಬಂದಾಗ ಇದು ಚೆನ್ನಾಗಿ ಕಂಡಿತು. ಆ ನೂಲು ಎಳೆತಕ್ಕೆ ಬಹಳ ಗಟ್ಟಿ, ಆದರೆ ಮತ್ತೆ ಮತ್ತೆ ಬಾಗುವುದನ್ನು ತಡೆಯುತ್ತಿರಲಿಲ್ಲ. ನಾಕ್ ಜಾಗದಲ್ಲಿ ಬಾಗಿ ಬಾಗಿ, ಯಾವ ಮುನ್ಸೂಚನೆಯೂ ಇಲ್ಲದೆ ಪಟ್ಟನೆ ಹರಿಯುತ್ತಿತ್ತು. ಎಳೆಗಳು ಹೆಚ್ಚಿದ್ದರೆ ಒಂದೆರಡು ಸವೆದರೂ ಉಳಿದವು ಹಿಡಿದುಕೊಳ್ಳುತ್ತವೆ, ನಿಮಗೆ ಕಂಡು ಹೆದೆ ಬದಲಿಸಲು ಸಮಯ ಸಿಗುತ್ತದೆ. ಹಾಗಂತ ಒಂದು ಎಳೆ ತುಂಡಾದ ಹೆದೆಯಲ್ಲಿ ಇನ್ನೊಂದು ಸುತ್ತು ಹೊಡೆಯೋಣ ಅನ್ನಬೇಡಿ. ಅವತ್ತೇ ತೆಗೆದುಬಿಡಿ.

ಈಗ ನಾಕ್ ವಿಷಯಕ್ಕೆ ಬರುತ್ತೇನೆ. ನಿಜವಾದ ಲೆಕ್ಕ ಇರುವುದು ಇಲ್ಲೇ.

ಟಾರ್ಗೆಟ್ ಬಾಣಗಳ ನಾಕ್‌ಗೆ ಸಾಮಾನ್ಯವಾಗಿ ಎರಡು ಅಳತೆ ಇರುತ್ತದೆ. ಚಿಕ್ಕದು .088 ಇಂಚು, ಅಂದರೆ 2.2 ಮಿ.ಮೀ. ದೊಡ್ಡದು .098 ಇಂಚು, ಅಂದರೆ 2.5 ಮಿ.ಮೀ. ಸರ್ವಿಂಗ್ ಸುತ್ತಿದ ಮೇಲೆ ಹೆದೆಯ ದಪ್ಪ ಇದಕ್ಕೆ ಹೊಂದಬೇಕು. ದಪ್ಪ ಬರುವುದು ಎರಡು ಕಡೆಯಿಂದ: ಒಳಗಿನ ಎಳೆಗಳ ಕಟ್ಟು, ಅದರ ಎರಡೂ ಬದಿಯಲ್ಲಿ ಕೂರುವ ಸರ್ವಿಂಗ್ ದಾರ. ಎಳೆ ಹೆಚ್ಚಿಸಿದರೆ ದಪ್ಪವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಅಂದುಕೊಳ್ಳಬೇಡಿ. ದುಂಡನೆಯ ಕಟ್ಟಿನ ದಪ್ಪ ಎಳೆಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. 16ರಿಂದ 18ಕ್ಕೆ ಹೋದರೆ ನೂಲಿನ ತೂಕ ಶೇ 12.5ರಷ್ಟು ಏರುತ್ತದೆ, ದಪ್ಪ ಏರುವುದು ಶೇ 6 ಮಾತ್ರ. ಅದು 0.1 ಮಿ.ಮೀ. ಒಳಗೇ. ಅದೇ ಸರ್ವಿಂಗ್ ದಾರವನ್ನು .019 ಇಂಚಿನಿಂದ .021 ಇಂಚಿಗೆ ಬದಲಿಸಿ. ಎರಡೂ ಬದಿ ಸೇರಿ .004 ಇಂಚು, ಅಂದರೆ 0.1 ಮಿ.ಮೀ. ಸಿಕ್ಕಿತು. ಹೆದೆಯ ಉದ್ದಕ್ಕೂ ಎರಡು ಎಳೆ ಸೇರಿಸಿ ಪಡೆಯುವ ದಪ್ಪವನ್ನು ಬರೀ ನಡುವಿನ ಸರ್ವಿಂಗ್ ಬದಲಿಸಿ ಪಡೆಯಬಹುದು.

ನಾಕ್ ಸ್ವಲ್ಪ ಸಡಿಲ ಅಥವಾ ಸ್ವಲ್ಪ ಬಿಗಿ ಅನ್ನಿಸಿದರೆ ಹೆದೆ ಬಿಚ್ಚಿ ಮತ್ತೆ ಕಟ್ಟಬೇಡಿ ಅಂತ ನಾನು ಹೇಳುವುದು ಇದಕ್ಕೇ. ಬರೀ ಸರ್ವಿಂಗ್ ಬಿಚ್ಚಿ ಬೇರೆ ದಪ್ಪದ ದಾರ ಸುತ್ತಿ. ಅದರಲ್ಲೂ ಸರಿಹೋಗದಿದ್ದರೆ ಮಾತ್ರ ಎಳೆಯ ಸಂಖ್ಯೆಗೆ ಕೈ ಹಾಕಿ.

ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ಹಳೆಯ ಪರೀಕ್ಷೆ ಒಂದಿದೆ. ಹೆದೆ ಏರಿಸಿದ ಬಿಲ್ಲನ್ನು ಹೆದೆ ನೆಲಕ್ಕೆ ಸಮಾನಾಂತರವಾಗಿರುವಂತೆ ಅಡ್ಡ ಹಿಡಿಯಿರಿ. ಬಾಣವನ್ನು ಹೆದೆಗೆ ಸಿಕ್ಕಿಸಿ, ಅದು ಕೆಳಕ್ಕೆ ನೇತಾಡಲಿ. ತನ್ನ ತೂಕಕ್ಕೇ ಬಿದ್ದುಹೋದರೆ ಸಡಿಲ. ನಿಂತಿದ್ದರೆ ನಾಕ್‌ನಿಂದ ಎರಡು ಮೂರು ಸೆಂ.ಮೀ. ದೂರದಲ್ಲಿ ಹೆದೆಗೆ ಬೆರಳಿನಿಂದ ಚುರುಕಾಗಿ ಒಮ್ಮೆ ಹೊಡೆಯಿರಿ. ಬಾಣ ಬಿದ್ದರೆ ಸರಿಯಾಗಿದೆ. ಎರಡು ಮೂರು ಸಲ ಹೊಡೆದರೂ ಬೀಳದಿದ್ದರೆ ಬಿಗಿ. ಬಿಗಿಯಾದ ನಾಕ್ ಹೆದೆಯಿಂದ ಬಿಡುವಾಗ ಬಾಣದ ಬಾಲವನ್ನು ಹಿಡಿದು ಜಗ್ಗುತ್ತದೆ, ಗುಂಪಿನಿಂದ ಒಂದು ಬಾಣ ಆಗಾಗ ಆಚೆ ಹೋಗುತ್ತದೆ. ಸಡಿಲವಾದ ನಾಕ್ ಇನ್ನೂ ಅಪಾಯ. ಪೂರ್ತಿ ಎಳೆದಾಗ ಬಾಣ ಹೆದೆಯಿಂದ ಜಾರಿ, ನಿಮಗೆ ಗೊತ್ತಾಗದೆ ಬಿಟ್ಟುಬಿಟ್ಟರೆ ಅದು ಬರಿ ಬಿಲ್ಲು ಬಿಟ್ಟಂತೆ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್‌ಗಳಿಗೇ ಹಿಂತಿರುಗುತ್ತದೆ. ಲಿಂಬ್ ಸೀಳಬಹುದು, ನಿಮಗೂ ಪೆಟ್ಟಾಗಬಹುದು. ಈ ಪರೀಕ್ಷೆಯನ್ನು ಒಂದು ಬಾಣದಲ್ಲಿ ಮಾಡಿ ಬಿಡಬೇಡಿ, ನಿಮ್ಮ ಎಲ್ಲ ಬಾಣಗಳಲ್ಲೂ ಮಾಡಿ. ಹಳೆಯ ನಾಕ್‌ಗಳು ಸವೆದು ಅಗಲವಾಗಿರುತ್ತವೆ.

ಹಾಗಾದರೆ 14ಕ್ಕೂ 18ಕ್ಕೂ ವ್ಯತ್ಯಾಸವೇ ಇಲ್ವಾ? ಇದೆ. ವೇಗದಲ್ಲಿ, ಬಾಣದ ನಡವಳಿಕೆಯಲ್ಲಿ.

ಬಾಣದ ಜೊತೆ ಹೆದೆಯೂ ಓಡುತ್ತದೆ. ಹೆದೆಯ ನಡುಭಾಗ ಬಾಣದಷ್ಟೇ ವೇಗ, ತುದಿಗಳು ನಿಧಾನ. ಲೆಕ್ಕ ಹಾಕಿದರೆ ಹೆದೆಯ ತೂಕದ ಮೂರನೇ ಒಂದು ಭಾಗ ಬಾಣಕ್ಕೆ ಅಂಟಿಕೊಂಡು ಓಡಿದಂತೆ ಆಗುತ್ತದೆ. ಹೆದೆ 6 ಗ್ರಾಂ, ಬಾಣ 20 ಗ್ರಾಂ ಅಂತ ಇಟ್ಟುಕೊಳ್ಳಿ. ಬಿಲ್ಲು ದೂಡಬೇಕಾದ್ದು 22 ಗ್ರಾಂ. 16ಕ್ಕೆ ಎರಡು ಎಳೆ ಸೇರಿಸಿದರೆ ಹೆದೆ ಹೆಚ್ಚೆಂದರೆ ಮುಕ್ಕಾಲು ಗ್ರಾಂ ಭಾರವಾಗುತ್ತದೆ, ಅದರ ಮೂರನೇ ಒಂದು ಭಾಗ ಕಾಲು ಗ್ರಾಂ. 22 ಗ್ರಾಂನಲ್ಲಿ ಕಾಲು ಗ್ರಾಂ ಅಂದರೆ ಸೆಕೆಂಡಿಗೆ 180 ಅಡಿ ಹೋಗುವ ಬಾಣಕ್ಕೆ ಸುಮಾರು 1 ಅಡಿ ಕಮ್ಮಿ. 18 ಮೀಟರ್‌ನಲ್ಲಿ ನಿಮಗೆ ಗೊತ್ತೂ ಆಗುವುದಿಲ್ಲ. 70 ಮೀಟರ್‌ನಲ್ಲಿ ಮಾತ್ರ ಬಾಣ 8ರಿಂದ 10 ಸೆಂ.ಮೀ. ಕೆಳಗೆ ಬೀಳುತ್ತದೆ. ಅಲ್ಲಿ ಹತ್ತು ಅಂಕದ ವೃತ್ತದ ಅಗಲವೇ 12.2 ಸೆಂ.ಮೀ. ಅಷ್ಟಕ್ಕೆ ಬಿಲ್ಲಿನ ಮೇಲಿನ ಗುರಿ ನೋಡುವ ಸೈಟ್ ಸ್ವಲ್ಪ ಸರಿಸಿದರಾಯಿತು. ಒಂದು ಅಡಿ ವೇಗಕ್ಕಾಗಿ ಎಳೆ ಕಳೆಯುತ್ತಾ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ನಡುವಿನ ಸರ್ವಿಂಗ್ ಅನ್ನು ಬೇಕಾದ್ದಕ್ಕಿಂತ ಉದ್ದ ಸುತ್ತದೆ ಇದ್ದರೆ ಒಳ್ಳೆಯದು. ಅಲ್ಲಿನ ತೂಕವೆಲ್ಲ ಹೆದೆಯ ಅತಿ ವೇಗದ ಜಾಗದಲ್ಲಿ ಕೂತಿರುತ್ತದೆ.

ಎಳೆಯ ಸಂಖ್ಯೆ ನಿಜವಾಗಿ ಉಪಯೋಗಕ್ಕೆ ಬರುವುದು ಬಾಣ ಹೊಂದಿಸುವಾಗ. ಹಗುರವಾದ ಹೆದೆ ಬಾಣವನ್ನು ಜೋರಾಗಿ ದೂಡುತ್ತದೆ, ಬಾಣ ಜಾಸ್ತಿ ಬಾಗುತ್ತದೆ, ಅಂದರೆ ಮೆದುವಾದ ಬಾಣದಂತೆ ನಡೆಯುತ್ತದೆ. ಭಾರದ ಹೆದೆಯಲ್ಲಿ ಅದೇ ಬಾಣ ಗಡುಸಾದಂತೆ ನಡೆಯುತ್ತದೆ. ನೀವು ಬಲಗೈಯಿಂದ ಹೆದೆ ಎಳೆಯುವವರಾದರೆ ಗರಿ ಇಲ್ಲದ ಬಾಣವನ್ನು, ಅಂದರೆ ಬೇರ್ ಶಾಫ್ಟ್ ಅನ್ನು, ಗರಿ ಇರುವವುಗಳ ಜೊತೆ ಬಿಟ್ಟು ನೋಡಿ. ಅದು ಗುಂಪಿನ ಬಲಕ್ಕೆ ಬಿದ್ದರೆ ಬಾಣ ಮೆದು, ಎಡಕ್ಕೆ ಬಿದ್ದರೆ ಗಡುಸು. ಸ್ವಲ್ಪವೇ ಬಲಕ್ಕಿದ್ದರೆ ಮುಂದಿನ ಹೆದೆಗೆ 18 ಎಳೆ ಹಾಕಿ. ಸ್ವಲ್ಪ ಎಡಕ್ಕಿದ್ದರೆ 14. ತೀರಾ ದೂರ ಬಿದ್ದರೆ ಎಳೆ ಬದಲಿಸಿ ಪ್ರಯೋಜನವಿಲ್ಲ. ಆಗ ಬಾಣದ ಉದ್ದ, ಪಾಯಿಂಟ್ (ಬಾಣದ ಮುಂತುದಿ) ತೂಕ, ಬಿಲ್ಲಿನ ಪೌಂಡೇಜ್ ಕಡೆ ನೋಡಬೇಕು. ಸ್ಪರ್ಧೆಯ ನಿಯಮದ ಚಿಂತೆ ಬೇಡ. ವಿಶ್ವ ಆರ್ಚರಿ ಸಂಸ್ಥೆಯ ನಿಯಮದಲ್ಲಿ ರೀಕರ್ವ್ ಹೆದೆಗೆ ಎಷ್ಟು ಎಳೆ ಬೇಕಾದರೂ ಇರಬಹುದು.

ಇದೆಲ್ಲಕ್ಕಿಂತ ಮುಖ್ಯವಾದ, ಆದರೆ ಯಾರೂ ಹೆಚ್ಚು ಮಾತಾಡದ ಒಂದು ವಿಷಯ ಇದೆ. ಎಷ್ಟು ಎಳೆ ಹಾಕಿದಿರಿ ಅನ್ನುವುದಕ್ಕಿಂತ ಎಷ್ಟು ಎಳೆ ಕೆಲಸ ಮಾಡುತ್ತಿವೆ ಅನ್ನುವುದು ದೊಡ್ಡದು. ನಾನು ಕಟ್ಟಿದ ಮೊದಲ ಹೆದೆಗಳಲ್ಲಿ ಒಂದು 18 ಎಳೆಯದು. ಏರಿಸಿದ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಐದಾರು ಎಳೆಗಳು ಉಳಿದವುಗಳ ಪಕ್ಕದಲ್ಲಿ ಸಡಿಲವಾಗಿ ಸುಮ್ಮನೆ ಮಲಗಿದ್ದವು. ಜಿಗ್ (ಹೆದೆ ಕಟ್ಟುವ ಗೂಟಗಳ ಚೌಕಟ್ಟು) ಮೇಲೆ ನೂಲು ಸುತ್ತುವಾಗ ಮೊದಲ ಸುತ್ತುಗಳನ್ನು ಬಿಗಿಯಾಗಿ ಎಳೆದಿದ್ದೆ, ಕೈ ಸೋತಂತೆ ಕೊನೆಯವು ಸಡಿಲವಾಗಿದ್ದವು. ಹೆಸರಿಗೆ 18, ಭಾರ ಹೊರುತ್ತಿದ್ದದ್ದು ಹನ್ನೆರಡೋ ಹದಿಮೂರೋ. ಆ ಹೆದೆ ಎರಡು ವಾರ ಉದ್ದವಾಗುತ್ತಲೇ ಇತ್ತು, ಪ್ರತಿ ದಿನ ಬ್ರೇಸ್ ಹೈಟ್ ಇಳಿಯುತ್ತಿತ್ತು. ಆಮೇಲೆ ಅದೇ ನೂಲಿನಲ್ಲಿ, ಪ್ರತಿ ಸುತ್ತನ್ನೂ ಒಂದೇ ಬಿಗಿಯಲ್ಲಿ ಹಾಕಿ 16 ಎಳೆಯದು ಕಟ್ಟಿದೆ. ಒಂದು ದಿನದಲ್ಲಿ ಅದು ನೆಲೆಗೆ ನಿಂತಿತು. ಆಗಿನಿಂದ ನಾನು ಎಣಿಕೆಗಿಂತ ಬಿಗಿಯ ಕಡೆಗೇ ಜಾಸ್ತಿ ಗಮನ ಕೊಡುತ್ತೇನೆ.

ನೀವು ಜಿಗ್ ಮೇಲೆ ಕಟ್ಟುವುದಾದರೆ, ಅಂದರೆ ಎರಡು ಗೂಟಗಳ ನಡುವೆ ನೂಲನ್ನು ಸುತ್ತುತ್ತಾ ಹೋಗುವ ಎಂಡ್‌ಲೆಸ್ ಲೂಪ್ ವಿಧಾನದಲ್ಲಿ, ಒಂದು ಪೂರ್ತಿ ಸುತ್ತಿಗೆ ಎರಡು ಎಳೆ. 8 ಸುತ್ತು ಅಂದರೆ 16 ಎಳೆ. ಅದಕ್ಕೇ ಈ ಹೆದೆಗಳಲ್ಲಿ ಯಾವಾಗಲೂ ಸಮಸಂಖ್ಯೆ ಕೇಳುತ್ತೀರಿ. ಸ್ಪೂಲ್‌ನಿಂದ ನೂಲು ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಹದದಲ್ಲಿ ಬರುವಂತೆ ನೋಡಿಕೊಳ್ಳಿ. ಸುತ್ತಿ ಮುಗಿದ ಮೇಲೆ, ಸರ್ವಿಂಗ್ ಶುರು ಮಾಡುವ ಮೊದಲು, ಕಟ್ಟಿನ ನಡುವೆ ಬೆರಳಿಟ್ಟು ಒತ್ತಿ. ಯಾವುದಾದರೂ ಎಳೆ ಬೇರೆಯವಕ್ಕಿಂತ ಸುಲಭವಾಗಿ ಬಗ್ಗಿದರೆ ಅಲ್ಲೇ ಸರಿಪಡಿಸಿ. ಇಲ್ಲದಿದ್ದರೆ ಪೂರ್ತಿ ಬಿಚ್ಚಿ ಮತ್ತೆ ಸುತ್ತಿ. ಈ ಹಂತದಲ್ಲಿ ಹಾಳಾಗುವುದು ಹತ್ತು ನಿಮಿಷ ಮಾತ್ರ.

ಹೊಸೆದು ಕಟ್ಟುವ ಫ್ಲೆಮಿಶ್ ವಿಧಾನದಲ್ಲಿ ಲೆಕ್ಕ ಬೇರೆ. ಅಲ್ಲಿ ಎಳೆಗಳನ್ನು ಎರಡು ಅಥವಾ ಮೂರು ಕಟ್ಟುಗಳಾಗಿ ಮಾಡಿ ಒಂದಕ್ಕೊಂದು ಹುರಿ ಹಾಕುತ್ತಾರೆ. ಕಟ್ಟುಗಳು ಸಮ ಇರಬೇಕಾದ್ದರಿಂದ ಮೂರು ಕಟ್ಟಿನ ಹೆದೆಗೆ 12, 15, 18 ಹೊಂದುತ್ತವೆ, 16 ಹೊಂದುವುದಿಲ್ಲ. ಎರಡು ಕಟ್ಟಿಗೆ 14, 16 ಸರಿ. ಡೈನೀಮಾ ಜಾರುವ ನೂಲು. ಫ್ಲೆಮಿಶ್‌ನಲ್ಲಿ ಕಟ್ಟುವುದಾದರೆ ಮೇಣ ಧಾರಾಳವಾಗಿ ಹಚ್ಚಿ, ಹೊಸೆಯುವ ಉದ್ದವನ್ನೂ ಡೇಕ್ರಾನ್‌ಗಿಂತ ಜಾಸ್ತಿ ಇಡಿ. ಮೊದಲ ಹೆದೆಗೆ ನಾನು ಜಿಗ್ ವಿಧಾನವನ್ನೇ ಹೇಳುತ್ತೇನೆ.

ಇನ್ನು ಮಾವನ ಬಿಲ್ಲು. ದಯವಿಟ್ಟು ಅದಕ್ಕೆ 8125 ಹಾಕಬೇಡಿ. ಹಿಗ್ಗದ ಹೆದೆ ಲಿಂಬ್‌ಗಳನ್ನು ನಿಲ್ಲಿಸುವಾಗ ಪೆಟ್ಟೆಲ್ಲ ತುದಿಗಳ ಮೇಲೇ ಬೀಳುತ್ತದೆ. ಈಗಿನ ಲಿಂಬ್‌ಗಳ ತುದಿ ಇದಕ್ಕೆಂದೇ ಬಲಪಡಿಸಿದ್ದು. ಹಳೆಯ ಮರದ ಬಿಲ್ಲುಗಳದ್ದು ಹಾಗಲ್ಲ. ಸಣ್ಣ, ಗಟ್ಟಿ ಕುಣಿಕೆ ಮರದ ತುದಿಯಲ್ಲಿ ಹೆದೆ ಕೂರುವ ಕಚ್ಚನ್ನು ಚಾಕುವಿನಂತೆ ಕೊರೆಯುತ್ತದೆ, ತುದಿ ಸೀಳುತ್ತದೆ. ಡೇಕ್ರಾನ್ ಸ್ವಲ್ಪ ಹಿಗ್ಗಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಾಣ ಸ್ವಲ್ಪ ನಿಧಾನ ಹೋಗುತ್ತದೆ, ಬಿಲ್ಲು ಉಳಿಯುತ್ತದೆ.

ಡೇಕ್ರಾನ್‌ಗೆ ಬಹಳ ಕಾಲದಿಂದ ನಡೆದುಬಂದ ಲೆಕ್ಕ ಹೀಗಿದೆ. 20ರಿಂದ 30 ಪೌಂಡಿನ ಬಿಲ್ಲಿಗೆ 8 ಎಳೆ, 35ರವರೆಗೆ 10, 35ರಿಂದ 45ಕ್ಕೆ 12, 45ರಿಂದ 55ಕ್ಕೆ 14, ಅದಕ್ಕಿಂತ ಮೇಲೆ 16. ನಿಮ್ಮ 45 ಪೌಂಡ್ ಗಡಿಯಲ್ಲಿದೆ. ಗಡಿಯಲ್ಲಿದ್ದಾಗ ಮೇಲಿನದನ್ನೇ ಆರಿಸಿ. ಹಳೆಯ ಮರಕ್ಕೆ ದಪ್ಪ ಕುಣಿಕೆ ಒಳ್ಳೆಯದು. ಡೇಕ್ರಾನ್ ದಪ್ಪ ನೂಲಾದ್ದರಿಂದ 14 ಎಳೆಗೆ ನಾಕ್ ಬಿಗಿಯಾದರೂ ಆಗಬಹುದು, ತೆಳ್ಳಗಿನ ಸರ್ವಿಂಗ್ ದಾರ ಇಟ್ಟುಕೊಂಡಿರಿ. ಹೆದೆ ಏರಿಸುವ ಮೊದಲು ಬಿಲ್ಲಿನ ಉದ್ದಕ್ಕೂ ಬೆರಳಾಡಿಸಿ ಬಿರುಕು ಇದೆಯೇ ನೋಡಿ. ಎಷ್ಟು ವರ್ಷ ಬಳಸದೆ ಇತ್ತೋ ಏನೋ. ಬಿರುಕು ಕಂಡರೆ ಯಾವ ಹೆದೆಯೂ ಬೇಡ, ಗೋಡೆಯ ಮೇಲೆ ಹಾಗೇ ಇರಲಿ.

ನಿಮ್ಮ ರೀಕರ್ವ್ ಹೆದೆ ಸಿದ್ಧವಾದ ಮೇಲೆ ಮಾಡಬೇಕಾದ್ದು ಸ್ವಲ್ಪವೇ. 68 ಇಂಚಿನ ಬಿಲ್ಲಿಗೆ 20ರಿಂದ 30 ಹುರಿ ಹಾಕಿ ಏರಿಸಿ, ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಬ್ರೇಸ್ ಹೈಟ್ ನೋಡಿ, ಇಳಿದಿದ್ದರೆ ಇನ್ನೂ ಕೆಲವು ಹುರಿ ಕೊಡಿ. ನೂರು ಬಾಣ ಬಿಟ್ಟು ಹೆದೆ ನೆಲೆ ನಿಂತ ಮೇಲೆ ಬೆರಳ ಹೊಡೆತದ ನಾಕ್ ಪರೀಕ್ಷೆ, ಆಮೇಲೆ ಬೇರ್ ಶಾಫ್ಟ್. ಅದಕ್ಕೆ ಮೊದಲು ಹೊಂದಿಸಲು ಹೋದರೆ ನಾಳೆ ಮತ್ತೆ ಹೊಂದಿಸಬೇಕಾಗುತ್ತದೆ. ಒಂದು ಚೀಟಿಯಲ್ಲಿ ನೂಲಿನ ಹೆಸರು, ಎಳೆ, ಸರ್ವಿಂಗ್ ದಾರದ ದಪ್ಪ, ಹುರಿ, ಬ್ರೇಸ್ ಹೈಟ್ ಬರೆದು ಬಿಲ್ಲಿನ ಪೆಟ್ಟಿಗೆಯಲ್ಲಿಡಿ. ಎಲ್ಲ ಸರಿಬಂದರೆ ಅದೇ ಅಳತೆಯಲ್ಲಿ ಇನ್ನೊಂದು ಹೆದೆ ಕಟ್ಟಿ, ಅದರಲ್ಲೂ ನೂರು ಬಾಣ ಬಿಟ್ಟು, ಚೀಟಿಯ ಜೊತೆಗೇ ಎತ್ತಿಡಿ.